ಅಪ್‌ಡೇಟ್: ಐಬಿಎಸ್ ಹೊಟ್ಟೆಯುಬ್ಬರಕ್ಕೆ ಕೊನೆಗೂ ಏನು ಕೆಲಸ ಮಾಡಿತು

ಐಬಿಎಸ್‌ನ (ಪದೇ ಪದೇ ಹೊಟ್ಟೆನೋವು, ಮಲವಿಸರ್ಜನೆಯ ಏರುಪೇರು ತರುವ ಕರುಳಿನ ತೊಂದರೆ) ಹೊಟ್ಟೆಯುಬ್ಬರ, ಮಲಬದ್ಧತೆಗೆ ಪರಿಹಾರ ಕೇಳಿದ್ದೆನಲ್ಲ, ಈಗ ಎಷ್ಟೋ ವಾಸಿ. ಕೈಹಿಡಿದದ್ದು ನೀವು ಹೇಳಿದ ಇಸಬ್‌ಗೋಲ್. ದಿನಕ್ಕೆ 3 ಗ್ರಾಂನಿಂದ ಶುರುಮಾಡಿ ನಿಧಾನಕ್ಕೆ ಏರಿಸಿ, ಪ್ರತಿ ಸಲ ದೊಡ್ಡ ಲೋಟದ ತುಂಬ ನೀರು ಕುಡಿಯಿರಿ. ನೀರು ಕಡಿಮೆಯಾದರೆ ಗಂಟಲಲ್ಲೋ ಕರುಳಲ್ಲೋ ಮುದ್ದೆಗಟ್ಟುತ್ತೆ. ಒಮ್ಮೆಲೇ ಹೆಚ್ಚಿಸಿದರೆ ಗ್ಯಾಸ್. ಗೋಧಿ ತೌಡಿನಿಂದ ಉಬ್ಬರ ಇನ್ನೂ ಜಾಸ್ತಿಯಾಯ್ತು. ಪ್ರೊಬಯಾಟಿಕ್‌ನಿಂದ (ಕರುಳಿಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾ) ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆ.

ಹೊಟ್ಟೆ ಹಿಂಡುವ ನೋವಿಗೆ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ಚೆನ್ನಾಗಿದೆ. ಊಟಕ್ಕೆ ಅರ್ಧ ಗಂಟೆ ಮುಂಚೆ, ಅಗಿಯದೆ ನುಂಗಬೇಕು. ಆಂಟಾಸಿಡ್ ಜೊತೆ ತಗೊಂಡರೆ ಹೊರಪದರ ಜಠರದಲ್ಲೇ ಕರಗಿ ಎದೆಯುರಿ ಬರುತ್ತೆ.

ಅಚ್ಚರಿಯಾದದ್ದು ಬೆಳ್ಳುಳ್ಳಿ ವಿಷಯ! ಅದರಲ್ಲಿ ತೊಂದರೆ ಕೊಡುವ ಫ್ರಕ್ಟಾನ್ (ಒಂದು ಬಗೆಯ ಕಾರ್ಬೋಹೈಡ್ರೇಟ್) ನೀರಿನಲ್ಲಿ ಕರಗುತ್ತೆ, ಎಣ್ಣೆಯಲ್ಲಿ ಕರಗೋದಿಲ್ಲ. ಎಸಳನ್ನು ಎಣ್ಣೆಯಲ್ಲಿ ಬಾಡಿಸಿ, ತೆಗೆದುಹಾಕಿ, ಆಮೇಲೆ ಉಳಿದ ಸಾಮಾನು ಹಾಕಿದರೆ ಘಮ ಉಳಿಯುತ್ತೆ, ಹೊಟ್ಟೆ ಉಬ್ಬೋದಿಲ್ಲ.