ಅಪ್‌ಡೇಟ್: ಕೆರೆ ಸುತ್ತ 500 ಮೀಟರ್ ಬಫರ್ ಕೊನೆಗೂ ಸರಿಯಾಗಿ ಬಂತು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಹತ್ತಿರ ನಮ್ಮೂರಿನ ಕೆರೆಯಿಂದ 500 ಮೀಟರ್ ಒಳಗೆ ಎಷ್ಟು ಬೋರ್‌ವೆಲ್ ಇವೆ ಅಂತ ಕ್ಯೂಜಿಐಎಸ್‌ನಲ್ಲಿ (ನಕ್ಷೆ ಮಾಡುವ ಉಚಿತ ತಂತ್ರಾಂಶ) ನೋಡೋದು ಹೇಗೆ ಎಂದು ಕೇಳಿದ್ದೆ. ಬಫರ್‌ಗೆ (ಕೆರೆಯ ಸುತ್ತ ಇಂತಿಷ್ಟು ದೂರದವರೆಗೆ ಎಳೆಯುವ ವಲಯ) 500 ಕೊಟ್ಟರೆ ಅದು ಇಡೀ ನಕ್ಷೆಯನ್ನೇ ಮುಚ್ಚಿಬಿಡುತ್ತಿತ್ತು.

ನೀವು ಹೇಳಿದ್ದೇ ನಿಜ. ನನ್ನ ಲೇಯರ್ ಇಪಿಎಸ್‌ಜಿ 4326 ಎಂಬ ನಿರ್ದೇಶಾಂಕ ವ್ಯವಸ್ಥೆಯಲ್ಲಿತ್ತು (ಇದನ್ನೇ ಸಿಆರ್‌ಎಸ್ ಅನ್ನೋದು). ಅದರ ಅಳತೆ ಡಿಗ್ರಿಯಲ್ಲಿ, ಮೀಟರಿನಲ್ಲಲ್ಲ. ನಮ್ಮ ಕಡೆ 1 ಡಿಗ್ರಿ ಅಂದರೆ ಹೆಚ್ಚುಕಡಿಮೆ 110 ಕಿಲೋಮೀಟರ್!

ಸರಿಮಾಡಲು ಹೋಗಿ ಇನ್ನೊಂದು ತಪ್ಪು ಮಾಡಿದೆ. 'ಸೆಟ್ ಲೇಯರ್ ಸಿಆರ್‌ಎಸ್'ನಲ್ಲಿ ಸುಮ್ನೆ 32643 (ನಮ್ಮ ಕಡೆಗೆ ಹೊಂದುವ, ಮೀಟರಿನಲ್ಲಿ ಅಳೆಯುವ ವ್ಯವಸ್ಥೆ) ಆರಿಸಿದೆ. ಕೆರೆ ಮಾಯ. ಹುಡುಕಿದರೆ ಭೂಮಧ್ಯ ರೇಖೆಯ ಪಕ್ಕ, ಹಿಂದೂ ಮಹಾಸಾಗರದಲ್ಲಿ ಸಿಕ್ಕಿತು. ಅದು ಲೇಬಲ್ ಮಾತ್ರ ಬದಲಿಸುತ್ತದೆ, ಒಳಗಿನ ಅಂಕಿ ಹಾಗೇ ಇರುತ್ತದೆ. 77, 13 ಎಂಬ ಡಿಗ್ರಿಗಳನ್ನು ಅದು ಮೀಟರ್ ಅಂದುಕೊಂಡಿತ್ತು. ಬೇಕಿದ್ದದ್ದು 'ರೀಪ್ರೊಜೆಕ್ಟ್ ಲೇಯರ್', ಅದು ಅಂಕಿಗಳನ್ನೇ ಹೊಸ ವ್ಯವಸ್ಥೆಗೆ ಬದಲಿಸುತ್ತದೆ. ಹೊಸಬರು ಇದೊಂದನ್ನು ದಯವಿಟ್ಟು ನೆನಪಿಡಿ, ನನಗೆ ಎರಡು ಸಂಜೆ ಹೋಯಿತು.

ಕೆರೆ, ಬೋರ್‌ವೆಲ್ ಎರಡನ್ನೂ ರೀಪ್ರೊಜೆಕ್ಟ್ ಮಾಡಿ, ಬಫರ್ ಹಾಕಿ, 'ಕೌಂಟ್ ಪಾಯಿಂಟ್ಸ್ ಇನ್ ಪಾಲಿಗನ್' ಓಡಿಸಿದೆ. 37ರಲ್ಲಿ 14 ಒಳಗಿವೆ. ಉತ್ತರ ನೋಡಿ ತುಂಬಾ ಖುಷಿಯಾಯಿತು.

ಕೋಲಾರದ ಕಡೆಯವರು ಗಮನಿಸಿ: 78 ಡಿಗ್ರಿ ರೇಖಾಂಶ ದಾಟಿದರೆ ಯುಟಿಎಂ (ಭೂಮಿಯನ್ನು ವಲಯಗಳಾಗಿ ಭಾಗಿಸಿ ಮೀಟರಿನಲ್ಲಿ ಅಳೆಯುವ ಪದ್ಧತಿ) ವಲಯ 44, ಅಂದರೆ 32643ರ ಬದಲು 32644 ಬಳಸಬೇಕು.

ಮೂರು ಬೋರ್‌ವೆಲ್ ಬಫರ್ ಗೆರೆಯ ಮೇಲೇ ಇವೆ. ಮೊಬೈಲ್ ಜಿಪಿಎಸ್‌ನಲ್ಲಿ ಕೆಲವು ಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ ಅಲ್ವಾ? ಭಾನುವಾರ ಹೋಗಿ ಮತ್ತೆ ಅಳೆದು ಬರುತ್ತೇನೆ.