ಅಪಘಾತದ ಗಾಡಿ: ಮೊದಲು ಎತ್ತೋದಾ, ಮೊದಲು ಅಳೆಯೋದಾ?

ರುದ್ರೇಶ, ಭರಮಸಾಗರ
ಚಿತ್ರದುರ್ಗ–ದಾವಣಗೆರೆ ನಡುವೆ ಹೆದ್ದಾರಿ 48ರಲ್ಲಿ ಲಾರಿ–ಬೈಕ್ ಡಿಕ್ಕಿಯಾದ್ರೆ ಮೊದಲು ಕ್ರೇನ್ ಬರುತ್ತೆ, ಗಾಡಿ ಪಕ್ಕಕ್ಕೆ ಹೋಗುತ್ತೆ. ಪೊಲೀಸರು ಸ್ಥಳ ನೋಡಿ ಬರೆಯೋ ಮಹಜರು ಆಮೇಲೆ, ಕೆಲವು ಸಲ ಮಾರನೇ ದಿನ. ಅಷ್ಟೊತ್ತಿಗೆ ಗಾಜಿನ ಚೂರು ಗುಡಿಸಿ ಆಗಿರುತ್ತೆ, ಬ್ರೇಕಿನ ಗುರುತು ಅಳಿಸಿರುತ್ತೆ. ಇನ್ನು ಅಪಘಾತದ ಜಾಗದ ನಕ್ಷೆ ಬರೆಯೋದು ಯಾವ ಆಧಾರದ ಮೇಲೆ? ಅಳತೆ ಮುಗಿಯೋವರೆಗೂ ಗಾಡಿ ಮುಟ್ಟಬಾರದು.

ಮಂಜಣ್ಣ
ಒಪ್ಪಲ್ಲ ರುದ್ರೇಶಣ್ಣ. ಗಾಯಾಳುನ ಆಸ್ಪತ್ರೆಗೆ ಸಾಗಿಸೋದು ಮೊದಲು, ಎರಡನೇ ಡಿಕ್ಕಿ ತಪ್ಪಿಸೋದು ಅದರ ಹಿಂದೆಯೇ. ಗಂಟೆಗೆ 80 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತೆ. ಚಾಲಕ ನೋಡಿ, ಬ್ರೇಕ್ ಒತ್ತಿ, ಗಾಡಿ ನಿಲ್ಲೋಕೆ ಸುಮಾರು 120 ಮೀಟರ್ ಬೇಕು. ರಾತ್ರಿ ಹೊತ್ತು ಮೊದಲ ಕೋನ್ 20 ಮೀಟರ್ ಹಿಂದೆ ಇಟ್ಟು ಟೇಪ್ ಹಿಡಿದು ಕೂತ್ರೆ ಅಳೆಯೋರ ಜೀವವೇ ಹೋಗುತ್ತೆ.

ಸುಮಂಗಲಾ (ವಕೀಲೆ)
ಮಂಜಣ್ಣ, ಐದು ನಿಮಿಷ ಗುರುತು ಹಾಕಿ ಆಮೇಲೆ ಎತ್ತಲಿ, ಯಾರೂ ಬೇಡ ಅನ್ನಲ್ಲ. ಪ್ರತಿ ಚಕ್ರ ನೆಲಕ್ಕೆ ತಾಗಿರೋ ಕಡೆ ಪೇಂಟ್ ಗುರುತು ಬೇಕು. ಸೀಮೆಸುಣ್ಣ ಒಂದು ಮಳೆಗೆ ಹೋಗುತ್ತೆ. ಬೈಕ್ ಬಿದ್ದಿದ್ರೆ ಎರಡು ಚಕ್ರ, ಹ್ಯಾಂಡಲ್ ತುದಿ. ಅಳತೆಯನ್ನ ಕದಲದ ಎರಡು ವಸ್ತುಗಳಿಂದ ತಗೋಬೇಕು, ಕಿಲೋಮೀಟರ್ ಕಲ್ಲು ಮತ್ತು ಲೈಟ್ ಕಂಬ ಅಂತ ಇಟ್ಕೊಳ್ಳಿ. "ರಸ್ತೆ ಅಂಚಿನಿಂದ 6 ಅಡಿ" ಅಂತಷ್ಟೇ ಬರೆದ್ರೆ ಅಂಚಿನುದ್ದಕ್ಕೂ ಎಲ್ಲಿ ಅನ್ನೋದೇ ಗೊತ್ತಾಗಲ್ಲ. ಇನ್ನೊಂದು: ಗಾಜಿನ ರಾಶಿ ಇದ್ದ ಕಡೆಯೇ ಡಿಕ್ಕಿ ಆಯ್ತು ಅಂತ ಬರೀತಾರೆ. ಗಾಜು ವೇಗಕ್ಕೆ ಮುಂದೆ ಚಿಮ್ಮಿರುತ್ತೆ. ಮಡ್‌ಗಾರ್ಡ್ ಒಳಗಿನ ಒಣ ಮಣ್ಣು ಉದುರಿದ ಜಾಗ, ಕಬ್ಬಿಣ ಡಾಂಬರನ್ನ ಕೆತ್ತಿದ ಗಾಯ, ಇವೇ ಡಿಕ್ಕಿ ಆದ ಜಾಗಕ್ಕೆ ಹತ್ತಿರ.

ತಿಪ್ಪೇಸ್ವಾಮಿ, ಹಿರಿಯೂರು
ಅಕ್ಕಾ, ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಹೋದ್ರೆ ಹೆದ್ದಾರಿ ಪ್ರಾಧಿಕಾರದ ಕ್ರೇನ್ ಪೊಲೀಸರಿಗಿಂತ ಮುಂಚೆ ಬಂದಿರಬಹುದು. ಹಾಗಾಗಿ ಕ್ರೇನಿನವರೇ ಎತ್ತೋ ಮುಂಚೆ ನಾಲ್ಕೂ ಕಡೆಯಿಂದ, ಕಂಬವೋ ಕಲ್ಲೋ ಚೌಕಟ್ಟಿನೊಳಗೆ ಬರೋ ಹಾಗೆ ಫೋಟೋ ತೆಗೀಬೇಕು. ಪೊಲೀಸರು ಅಪಘಾತ ದಾಖಲಿಸೋ ಐರಾಡ್ ಆ್ಯಪ್‌ಗೆ ಮಾಹಿತಿಯನ್ನ ಸ್ಥಳದಿಂದಲೇ ಏರಿಸಬೇಕು. ಠಾಣೆಯಲ್ಲಿ ಕೂತು ತುಂಬಿ, ಸ್ಥಳ ಸರಿಪಡಿಸದೆ ಬಿಟ್ರೆ ಅಪಘಾತ ಠಾಣೆ ಮುಂದೆಯೇ ಆದ ಹಾಗೆ ದಾಖಲಾಗುತ್ತೆ. ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆದ್ರೆ ಅದು ಬ್ಲಾಕ್ ಸ್ಪಾಟ್, ಅಂದ್ರೆ ಪದೇ ಪದೇ ಅಪಘಾತ ಆಗೋ ಜಾಗ. ಸ್ಥಳ ತಪ್ಪಿದ್ರೆ ಆ ಲೆಕ್ಕಕ್ಕೇ ಬರಲ್ಲ, ಅಪಾಯದ ತಿರುವು ಸರಿಯಾಗದೆ ಹಾಗೇ ಉಳಿಯುತ್ತೆ.

ಸುಮಂಗಲಾ (ವಕೀಲೆ)
ಅದಕ್ಕೇ ಪೊಲೀಸರು ವರದಿ ಕೊಡೋ ಗಡುವುಗಳನ್ನ ಹಗುರವಾಗಿ ತಗೋಬಾರದು. 2022ರ ಏಪ್ರಿಲ್ 1ರಿಂದ ಜಾರಿಯಾದ ಮೋಟಾರು ವಾಹನ ನಿಯಮದಲ್ಲಿ ಮೊದಲ ವರದಿ 48 ಗಂಟೆಯೊಳಗೆ, ಮಧ್ಯಂತರ ವರದಿ 50 ದಿನಕ್ಕೆ, ವಿವರವಾದ ವರದಿ 90 ದಿನಕ್ಕೆ ಅಪಘಾತ ಪರಿಹಾರ ತೀರ್ಮಾನಿಸೋ ನ್ಯಾಯಮಂಡಳಿ ತಲುಪಬೇಕು. ನಕ್ಷೆ ಸಡಿಲ ಇದ್ರೆ ವಿಮಾ ಕಂಪನಿ "ಬೈಕಿನವನದ್ದೂ ತಪ್ಪಿದೆ" ಅಂತ ವಾದಿಸಿ ಪರಿಹಾರ ಕಡಿಮೆ ಮಾಡಿಸುತ್ತೆ. ನಷ್ಟ ಆಗೋದು ಸತ್ತವನ ಹೆಂಡತಿ ಮಕ್ಕಳಿಗೆ.

ರುದ್ರೇಶ, ಭರಮಸಾಗರ
ಮೊದಲು ಗುರುತು, ಆಮೇಲೆ ಕ್ರೇನ್ ಅಂದ್ರೆ ನನ್ನ ತಕರಾರಿಲ್ಲ ಅಕ್ಕ. ಆದ್ರೆ ಸರ್ವಿಸ್ ರಸ್ತೆಯಲ್ಲಿ ಒಣಗೋಕೆ ಹಾಕಿದ ಮೆಕ್ಕೆಜೋಳ? ಕಾಳಿನ ಮೇಲೆ ಟೈರ್ ಜಾರುತ್ತೆ, ಸುತ್ತ ಇಟ್ಟ ಕಲ್ಲು ರಾತ್ರಿ ಕಾಣಲ್ಲ. ನಕ್ಷೆಯಲ್ಲಿ ಅದು ಇಲ್ಲದಿದ್ರೆ "ಅತಿವೇಗ, ಅಜಾಗರೂಕತೆ" ಅಂತ ಸವಾರನ ಮೇಲಷ್ಟೇ ಬೀಳುತ್ತೆ.

ಮಂಜಣ್ಣ
ಅದು ನಿಜ. ರಾಶಿ ಎಷ್ಟು ಅಗಲ, ಓಡಾಟಕ್ಕೆ ಎಷ್ಟು ಅಡಿ ಉಳಿದಿತ್ತು, ಎರಡನ್ನೂ ನಕ್ಷೆಯಲ್ಲಿ ಬರೀಬೇಕು. ರಸ್ತೆಗೆ ಅಡ್ಡಿ ಮಾಡಿದ್ದಕ್ಕೆ ಭಾರತೀಯ ನ್ಯಾಯಸಂಹಿತೆಯ ಸೆಕ್ಷನ್ 285ರಲ್ಲಿ 5,000 ರೂಪಾಯಿವರೆಗೆ ದಂಡ ಇದೆ. ಕಣ ಇಲ್ಲದ ರೈತನ ಮೇಲೆ ಸೀದಾ ಕೇಸ್ ಹಾಕಿ ಅಂತ ನಾನು ಹೇಳಲ್ಲ. ಬೀಟ್ ಸಿಬ್ಬಂದಿ ಸಂಜೆ ಕತ್ತಲಾಗೋ ಮುಂಚೆ ಕಾಳು ಬಾಚಿಸಲಿ. ಕಲ್ಲು ಮಾತ್ರ ಒಂದೂ ಬಿಡಬಾರದು.