ಮಡಿಕೇರಿಯ ಗೋದಾಮು ಕೆಫೆಯಲ್ಲಿ ಮುಂದಿನ ಮೂರು ಶನಿವಾರಗಳ ರಾಕ್ ಕಾರ್ಯಕ್ರಮ: ಬಡಾವಣೆಯ ಗುಂಪಿನಲ್ಲಿ ನಡೆದ ಚರ್ಚೆ

ಮೇಲಿನ ತಿರುವಿನ ಟೀಚರ್ (ಭಾನುವಾರ, ರಾತ್ರಿ 12:52)
ಈ ಹೊತ್ತಿನಲ್ಲಿ ಬಡಾವಣೆಯಲ್ಲಿ ಯಾರಾದರೂ ನಿದ್ದೆ ಮಾಡುತ್ತಿದ್ದರೆ ಅವರ ಗುಟ್ಟನ್ನು ದಯವಿಟ್ಟು ನನಗೂ ತಿಳಿಸಿ. ಹತ್ತು ಗಂಟೆಗೆ ಮುಗಿಯುತ್ತದೆ ಎಂದು ಹೇಳಿದ್ದ ಕಾರ್ಯಕ್ರಮ ಹನ್ನೆರಡೂ ಮುಕ್ಕಾಲಾದರೂ ಮುಗಿದಿಲ್ಲ. ಡ್ರಮ್ಮಿನ ಪ್ರತಿ ಹೊಡೆತಕ್ಕೂ ನಮ್ಮ ಕಿಟಕಿಯ ಗಾಜು ನಡುಗುತ್ತಿದೆ, ಸಿಇಟಿಗೆ ಓದುತ್ತಿರುವ ಮಗಳು ಕಿವಿಗೆ ಹತ್ತಿ ಇಟ್ಟುಕೊಂಡು ಕುಳಿತಿದ್ದಾಳೆ, ಒಂಬತ್ತಕ್ಕೆ ಮಾತ್ರೆ ನುಂಗಿ ಮಲಗಿದ್ದ ಅತ್ತೆಯವರು ಎದ್ದು ಅಡುಗೆಮನೆಯಲ್ಲಿ ಓಡಾಡುತ್ತಿದ್ದಾರೆ. ಇದು ಸಾಲದೆಂಬಂತೆ ಗೋದಾಮಿನ ಗೇಟಿಗೆ ಮುಂದಿನ ಮೂರು ಶನಿವಾರಗಳ ಪೋಸ್ಟರ್ ಅಂಟಿಸಿದ್ದಾರೆ: ಮೊದಲ ವಾರ ಬೆಂಗಳೂರಿನ ಕನ್ನಡ ರಾಕ್ ತಂಡ, ಎರಡನೆಯ ವಾರ ಹಳೆಯ ಇಂಗ್ಲಿಷ್ ಹಾಡುಗಳನ್ನು ನುಡಿಸುವ ಮೈಸೂರಿನವರು, ಮೂರನೆಯ ವಾರ ಒಂದೇ ರಾತ್ರಿ ಮೂರು ಹೆವಿ ಮೆಟಲ್ ತಂಡಗಳು. ಇದನ್ನು ಕೇಳುವ ಧೈರ್ಯ ಗಂಡಸರಿಗೆ ಇಲ್ಲವೆಂದಾದರೆ ಬೆಳಿಗ್ಗೆ ನಾನೇ ಹೋಗಿ ಆ ಗೇಟಿಗೆ ಬೀಗ ಜಡಿಯುತ್ತೇನೆ.

ನಿವೃತ್ತ ಸುಬೇದಾರರು (ಬೆಳಿಗ್ಗೆ 5:14)
ಟೀಚರ್, ಗೇಟಿಗೆ ಬೀಗ ಹಾಕುವ ಮೊದಲು ಆ ಗೇಟನ್ನು ತೆರೆದುಕೊಟ್ಟವರು ಯಾರು ಎಂದು ಕೇಳಬೇಕು. ಕಾಫಿ ಗೋದಾಮನ್ನು ಸಂಗೀತ ಕೆಫೆ ಮಾಡುತ್ತೇವೆಂದು ಅವರು ಬಂದಾಗ ಈ ಬಡಾವಣೆಯ ಸಂಘವೇ ‘ನಮ್ಮ ಆಕ್ಷೇಪಣೆ ಇಲ್ಲ’ ಎಂದು ಪತ್ರ ಬರೆದುಕೊಟ್ಟಿತ್ತು. ಆ ಸಭೆಯಲ್ಲಿ ಎದ್ದು ನಿಂತು ಬೇಡವೆಂದವನು ನಾನೊಬ್ಬನೇ.

ನಿವೃತ್ತ ಸುಬೇದಾರರು (5:17)
ಸಹಿ ಹಾಕಿದವರು ಈಗ ಈ ಗುಂಪಿನಲ್ಲಿಯೇ ಇದ್ದಾರೆ. ಹೆಸರು ಹೇಳುವ ಅಗತ್ಯವಿಲ್ಲ, ಎಲ್ಲರಿಗೂ ಗೊತ್ತು.

ಮಾಜಿ ಅಧ್ಯಕ್ಷರು (6:40)
ಹೆಸರು ಹೇಳದೆಯೇ ಹೇಳಿದ್ದೀರಿ, ಸಂತೋಷ. ಆ ಪತ್ರದಲ್ಲಿ ‘ರಾತ್ರಿ ಹತ್ತರೊಳಗೆ, ಬಾಗಿಲು ಮುಚ್ಚಿ’ ಎಂಬ ಷರತ್ತು ಸ್ಪಷ್ಟವಾಗಿತ್ತು. ಷರತ್ತನ್ನು ಮುರಿದವರನ್ನು ಬಿಟ್ಟು ಬರೆದವನನ್ನು ಹಿಡಿಯುವುದು ಯಾವ ನ್ಯಾಯ? ಅದಲ್ಲದೆ, ಆಗ ಅಲ್ಲಿ ಸಂಜೆ ವೇಳೆ ಗಿಟಾರ್ ಹಿಡಿದು ಒಬ್ಬರೋ ಇಬ್ಬರೋ ಹಾಡುತ್ತಾರೆ ಎಂದಷ್ಟೇ ನಮಗೆ ತಿಳಿಸಲಾಗಿತ್ತು.

ಎರಡನೇ ಅಡ್ಡರಸ್ತೆಯ ಅಜ್ಜಿ (6:58)
ಶುಭೋದಯ. ಮೌನವೇ ಮನಸ್ಸಿನ ನಿಜವಾದ ಸಂಗೀತ. ಈ ಸಂದೇಶವನ್ನು ಹನ್ನೊಂದು ಮಂದಿಗೆ ಕಳುಹಿಸಿದರೆ ಇಂದು ಶುಭ ಸುದ್ದಿ ಬರುತ್ತದೆ.

ಬ್ಯಾಂಕಿನ ಮನೆಯವರು (7:05)
ಅಜ್ಜಿಯವರ ಫಾರ್ವರ್ಡ್ ಒಮ್ಮೆಯಾದರೂ ಸಂದರ್ಭಕ್ಕೆ ಸರಿಯಾಗಿ ಬಂದಿದೆ. ಅದನ್ನು ಮುದ್ರಿಸಿ ಗೋದಾಮಿನ ಗೇಟಿಗೆ ಅಂಟಿಸಬೇಕು.

ಹೋಂಸ್ಟೇ ಮನೆಯವರು (7:31)
ನಿನ್ನೆಯ ರಾತ್ರಿ ಅತಿಯಾಯಿತು ಎಂಬುದನ್ನು ಒಪ್ಪುತ್ತೇನೆ. ಆದರೆ ಮಳೆಗಾಲ ಶುರುವಾದರೆ ನಮ್ಮಲ್ಲಿ ಕೋಣೆಗಳು ಖಾಲಿ ಬೀಳುತ್ತವೆ, ಅದಕ್ಕೆ ಮೊದಲಿನ ಈ ನಾಲ್ಕಾರು ವಾರಗಳ ಗಳಿಕೆಯಲ್ಲಿ ನಾವು ಆಗಸ್ಟ್ ದಾಟಬೇಕು. ಗೋದಾಮಿನ ಕಾರ್ಯಕ್ರಮಕ್ಕೆಂದೇ ಕೋಣೆ ಕಾದಿರಿಸಿದವರು ನನ್ನಲ್ಲಿ ಇದ್ದಾರೆ. ಸಂಪೂರ್ಣವಾಗಿ ನಿಲ್ಲಿಸಿ ಎಂದರೆ ನನ್ನ ಸಹಿ ಇಲ್ಲ. ಹತ್ತಕ್ಕೆ ಮುಗಿಸಿ ಎಂದರೆ ಮೊದಲ ಸಹಿ ನನ್ನದೇ.

ನಿವೃತ್ತ ಸುಬೇದಾರರು (7:34)
ಮೂಲ ಕಾರಣವೇ ಈಗ ಬಾಯಿಬಿಟ್ಟಿತು. ಹೋಂಸ್ಟೇಗಳಿಲ್ಲದಿದ್ದರೆ ಪ್ರವಾಸಿಗರಿಲ್ಲ, ಪ್ರವಾಸಿಗರಿಲ್ಲದಿದ್ದರೆ ರಾಕ್ ಇಲ್ಲ.

ಹೋಂಸ್ಟೇ ಮನೆಯವರು (7:36)
ಸುಬೇದಾರರೇ, ನಿಮ್ಮ ಮಗಳ ಮದುವೆಗೆ ಬಂದ ನೆಂಟರನ್ನು ಅದೇ ಹೋಂಸ್ಟೇಯಲ್ಲಿ ಇರಿಸಿಕೊಂಡಾಗ ಈ ತತ್ತ್ವ ನಿಮಗೆ ನೆನಪಾಗಿರಲಿಲ್ಲ.

ಕೊನೆಯ ಮನೆಯ ಹುಡುಗ (8:20)
ಎಲ್ಲರಿಗೂ ನಮಸ್ಕಾರ. ಮೊದಲ ಶನಿವಾರದ ಕನ್ನಡ ತಂಡದಲ್ಲಿ ಬೇಸ್ ಗಿಟಾರ್ ನುಡಿಸುವವನು ನನ್ನ ಕಾಲೇಜಿನ ಗೆಳೆಯ, ಆದ್ದರಿಂದ ನನ್ನ ಮಾತನ್ನು ಪಕ್ಷಪಾತವೆಂದು ಬೇಕಿದ್ದರೆ ಎಣಿಸಿರಿ. ತಮ್ಮದೇ ಹಾಡು ಕಟ್ಟಿಕೊಂಡಿರುವ ಹುಡುಗರಿಗೆ ಮಡಿಕೇರಿಯಲ್ಲಿ ವೇದಿಕೆ ಎಂದು ಇರುವುದು ಈ ಎಂಬತ್ತು ಕುರ್ಚಿಗಳ ಗೋದಾಮು ಒಂದೇ. ರೆಸಾರ್ಟಿನವರು ಸಿನಿಮಾ ಹಾಡು ಹಾಡಿದರೆ ಮಾತ್ರ ಕರೆಯುತ್ತಾರೆ. ನಿನ್ನೆ ತಡವಾಗಲು ಕಾರಣ, ಎಂಟು ಗಂಟೆಗೆ ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟದ್ದು. ತಪ್ಪು ಅವರದೇ, ಮುಂದಕ್ಕೆ ತಳ್ಳುವ ಬದಲು ಹಾಡುಗಳನ್ನು ಕಡಿಮೆ ಮಾಡಬೇಕಿತ್ತು. ಆದರೆ ದಸರೆಯ ದಶಮಂಟಪಗಳ ಮೆರವಣಿಗೆಯ ರಾತ್ರಿ ಬೆಳಗಿನ ತನಕ ಧ್ವನಿವರ್ಧಕ ಕೂಗಿದಾಗ ಈ ಗುಂಪಿನಲ್ಲಿ ಯಾರೂ ಕಿಟಕಿಯ ಗಾಜಿನ ಬಗ್ಗೆ ಬರೆದದ್ದು ನನಗೆ ನೆನಪಿಲ್ಲ.

ನಿವೃತ್ತ ಸುಬೇದಾರರು (8:22)
ದಸರೆಯನ್ನು ಇದಕ್ಕೆ ಹೋಲಿಸಬೇಡ ಮಗನೇ. ಅದು ದೇವರ ಕಾರ್ಯ, ಊರಿನ ಹಬ್ಬ.

ನಿವೃತ್ತ ಸುಬೇದಾರರು (8:23)
ವರ್ಷಕ್ಕೆ ಒಂದು ರಾತ್ರಿ. ಇದು ಪ್ರತಿ ಶನಿವಾರ.

ನಿವೃತ್ತ ಸುಬೇದಾರರು (8:26)
ಸುಗ್ಗಿಹಬ್ಬ ಪುತ್ತರಿಯ ದಿನ ನಾವೂ ಕೊಂಬು, ಕೊಟ್ಟು, ವಾಲಗ ಎಲ್ಲವನ್ನೂ ಊದಿ ಬಾರಿಸಿದವರೇ. ಅದಕ್ಕೆ ವಿದ್ಯುತ್ತು ಬೇಕಾಗಿರಲಿಲ್ಲ.

ಟೈಲರ್ ಅಂಗಡಿಯವರು (8:41)
ಫಾರ್ವರ್ಡ್ ಆಗಿ ಬಂದದ್ದು: ‘ಸುಪ್ರೀಂ ಕೋರ್ಟಿನ ಹೊಸ ಆದೇಶ. ಇಂದಿನಿಂದ ರಾತ್ರಿ 8ರ ನಂತರ ಮನೆಯೊಳಗೆ ಟಿವಿ ಹಾಕಿದರೂ ಐದು ವರ್ಷ ಜೈಲು. ಎಲ್ಲಾ ಗುಂಪುಗಳಿಗೂ ಹಂಚಿರಿ.’

ಮೂಲೆಮನೆಯ ವಕೀಲರು (9:10)
ದಯವಿಟ್ಟು ಹಂಚಬೇಡಿ, ಅಂತಹ ಆದೇಶ ಯಾವುದೂ ಇಲ್ಲ. ನಿಜವಾಗಿ ಇರುವುದು 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ಮತ್ತು ಅವುಗಳನ್ನು ಬಲಪಡಿಸಿ ಸುಪ್ರೀಂ ಕೋರ್ಟ್ 2005ರ ಜುಲೈ 18ರಂದು ನೀಡಿದ ತೀರ್ಪು. ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರ ತನಕ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬಲ್ ಮಿತಿ. ಖಾಸಗಿ ಜಾಗದ ಧ್ವನಿವ್ಯವಸ್ಥೆಯ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. ಅಂದರೆ ಗೋದಾಮಿನ ಬೇಲಿಯಲ್ಲಿ ನಿಂತು ಅಳೆದಾಗ ಹತ್ತರ ನಂತರ 50ರೊಳಗೆ ಇರಬೇಕು. ಸಭಾಂಗಣದಂತಹ ಮುಚ್ಚಿದ ಕಟ್ಟಡದೊಳಗಿನ ಬಳಕೆಗೆ ರಾತ್ರಿಯ ನಿಷೇಧದಿಂದ ವಿನಾಯಿತಿ ಇದೆ, ಗೋದಾಮಿನವರು ಖಂಡಿತ ಅದನ್ನೇ ಮುಂದಿಡುತ್ತಾರೆ. ಆದರೆ ಬಾಗಿಲು ತೆರೆದಿಟ್ಟು, ಸದ್ದು ಬಡಾವಣೆಗೆಲ್ಲ ಹರಡಿದ ಮೇಲೆ ಆ ವಾದ ನಿಲ್ಲುವುದು ಕಷ್ಟ. ದಸರೆಯ ಮಾತು ಬಂದುದರಿಂದ ಹೇಳುತ್ತೇನೆ: ಹಬ್ಬಗಳಿಗೆ ವರ್ಷದಲ್ಲಿ ಒಟ್ಟು 15 ದಿನ ಮೀರದಂತೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಆದರೆ ಅದೂ ರಾತ್ರಿ 12ರ ತನಕ ಮಾತ್ರ.

ನಿವೃತ್ತ ಸುಬೇದಾರರು (9:12)
ವಕೀಲರೇ, ನೀವು ದಸರೆಗೆ ವಿರೋಧಿಯೇ ಎಂಬುದನ್ನು ಸ್ಪಷ್ಟಪಡಿಸಿ.

ಮೂಲೆಮನೆಯ ವಕೀಲರು (9:13)
ನಾನು ನಿಯಮವನ್ನು ಓದಿದೆ, ಅಷ್ಟೇ.

ಸೌಂಡ್ಸ್ ಅಂಗಡಿಯವರು (10:05)
ಮದುವೆ, ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವವನಾಗಿ ನಾನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಎಲ್ಲರೂ ‘ಸದ್ದು’ ಎಂದು ಒಂದೇ ಮಾತಿನಲ್ಲಿ ಹೇಳುತ್ತಿರುವುದು ಎರಡು ಬೇರೆ ತೊಂದರೆಗಳು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗ ಸದ್ದು ಸುಮಾರು 6 ಡೆಸಿಬಲ್ ತಗ್ಗುತ್ತದೆ. ವೇದಿಕೆಯಿಂದ 5 ಮೀಟರಿನಲ್ಲಿ 100 ಇದ್ದರೆ, ನಡುವೆ ಅಡ್ಡ ಏನೂ ಇಲ್ಲದಾಗ 80 ಮೀಟರಿನಲ್ಲಿ 76 ಉಳಿಯುತ್ತದೆ; ಉಳಿದದ್ದನ್ನು ಗೋಡೆ ಮತ್ತು ಮಾಡು (ಛಾವಣಿ) ತಡೆಯಬೇಕು. ಗಾಯಕನ ದನಿ, ಗಿಟಾರಿನ ಚೀರಾಟ ಇವುಗಳನ್ನು ಗೋದಾಮಿನ ಕಲ್ಲಿನ ಗೋಡೆ ಚೆನ್ನಾಗಿಯೇ ತಡೆಯುತ್ತದೆ. ಟೀಚರ್ ಮನೆಯ ಗಾಜನ್ನು ನಡುಗಿಸುವುದು ಡ್ರಮ್ಮಿನ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು) ಮತ್ತು ಬೇಸ್ ಎಂಬ ಕೆಳಸ್ವರ. ಅದನ್ನು ತಡೆಯಲು ತೂಕ ಬೇಕು, ಆದರೆ ಅಲ್ಲಿ ತಲೆಯ ಮೇಲೆ ಇರುವುದು ಬರೀ ಜಿಂಕ್ ಶೀಟ್. ಟೀಚರ್ ಮನೆ ಏರಿನ ಮೇಲಿರುವುದರಿಂದ ಮಾಡಿನಿಂದ ಹೊರಟ ಸದ್ದು ನೇರ ಅವರ ಕಿಟಕಿಗೇ ಮುಟ್ಟುತ್ತದೆ. ಗೋದಾಮಿನ ಪಕ್ಕದಲ್ಲಿಯೇ ಇರುವ ಬ್ಯಾಂಕಿನ ಮನೆಯವರಿಗೆ ಅಷ್ಟು ಕೇಳಿಸದಿರುವುದಕ್ಕೆ ಇದೇ ಕಾರಣ. ಗಾಳಿಯಿಲ್ಲದ ತಣ್ಣನೆಯ ರಾತ್ರಿಗಳಲ್ಲಿ ನೆಲದ ಬಳಿ ಚಳಿ, ಮೇಲೆ ಬಿಸಿ ಇರುವಾಗ ಸದ್ದು ಮೇಲಕ್ಕೆ ಹೋಗದೆ ಬಾಗಿ ಮತ್ತೆ ಕೆಳಗಿಳಿಯುತ್ತದೆ, ಆಗ ಕಣಿವೆಯ ಆಚೆ ಬದಿಗೂ ಕೇಳಿಸುತ್ತದೆ.

ಅವರು ಗೋಡೆಗೆ ಅಂಟಿಸಿರುವ ಸ್ಪಂಜಿನಿಂದ ಒಳಗಿನ ಪ್ರತಿಧ್ವನಿ ತಗ್ಗುತ್ತದೆಯೇ ಹೊರತು ಹೊರಗೆ ಬರುವ ಬೇಸ್ ತಗ್ಗುವುದಿಲ್ಲ. ಮಾಡಬೇಕಾದದ್ದು ಬೇರೆ. ಸಬ್ ಪೆಟ್ಟಿಗೆಗಳ (ಬೇಸ್ ಹೊರಡಿಸುವ ದೊಡ್ಡ ಸ್ಪೀಕರ್‌ಗಳ) ಮಟ್ಟವನ್ನು ಇಳಿಸಬೇಕು, ಶೀಟಿನ ಕೆಳಗೆ ತೂಕದ ಹಲಗೆಯ ಎರಡು ಪದರ ಕೊಡಬೇಕು, ಹಿಂದಿನ ಬಾಗಿಲಿಗೆ ಇನ್ನೊಂದು ಬಾಗಿಲು ಸೇರಿಸಬೇಕು, ಮೆಟಲ್ ರಾತ್ರಿಯನ್ನು ಸಂಜೆ ಐದಕ್ಕೆ ಶುರುಮಾಡಿ ಒಂಬತ್ತಕ್ಕೆ ಮುಗಿಸಬೇಕು. ಇದರಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ರೂಪಾಯಿಯೂ ಖರ್ಚಿಲ್ಲ. ಇನ್ನೊಂದು ವಿಷಯ: ಮೊಬೈಲ್ ಆ್ಯಪಿನಲ್ಲಿ ಅಳೆದ ಅಂಕಿಗಳನ್ನು ಹಿಡಿದು ಯಾರೂ ಜಗಳಕ್ಕೆ ಹೋಗಬೇಡಿ. ನಿಯಮದಲ್ಲಿ ಹೇಳಿದ ‘ಎ’ ಮಾಪನ ಕೆಳಸ್ವರಗಳನ್ನು ಕಡಿಮೆ ಲೆಕ್ಕ ಹಿಡಿಯುತ್ತದೆ, ಆದ್ದರಿಂದ ಗಾಜು ನಡುಗುತ್ತಿದ್ದರೂ ಅಂಕಿ ಸಣ್ಣದಾಗಿಯೇ ಕಾಣಬಹುದು.

ಮೇಲಿನ ತಿರುವಿನ ಟೀಚರ್ (10:20)
ಇಷ್ಟು ಹೊತ್ತಿನಲ್ಲಿ ಬಂದ ಮೊದಲ ಪ್ರಯೋಜನದ ಮಾತು ಇದು. ಇದನ್ನೇ ಒಂದು ಹಾಳೆಯಲ್ಲಿ ಬರೆದು ಗೋದಾಮಿನವರ ಕೈಗೆ ಕೊಡಬಹುದಲ್ಲವೇ?

ನಿವೃತ್ತ ಸುಬೇದಾರರು (10:22)
ಕೊಡಬಹುದು, ಆದರೆ ಮೊದಲು ಆ ಆಕ್ಷೇಪಣೆ ಇಲ್ಲವೆಂಬ ಪತ್ರವನ್ನು ಸಂಘ ಹಿಂಪಡೆಯಬೇಕು. ಅದು ಅವರ ಕೈಯಲ್ಲಿ ಇರುವ ತನಕ ನಾವು ಏನು ಕೇಳಿದರೂ ಅವರು ಅದನ್ನೇ ತೋರಿಸುತ್ತಾರೆ.

ಮಾಜಿ ಅಧ್ಯಕ್ಷರು (10:25)
ಹಿಂಪಡೆಯುವುದೆಂದರೆ ನಾನು ತಪ್ಪು ಮಾಡಿದೆನೆಂದು ದಾಖಲೆಯಾಗುತ್ತದೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ.

ಬ್ಯಾಂಕಿನ ಮನೆಯವರು (10:31)
2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಜನರ ನಡುವೆ ನಿಂತು ಕೇಳಿದವನು. ಆ ಸದ್ದಿನ ಮುಂದೆ ನಮ್ಮ ಗೋದಾಮಿನದು ಪ್ರಾರ್ಥನಾ ಸಭೆ. ಟೀಚರ್ ಸಿಟ್ಟಾಗಬಾರದು, ಹಾಸ್ಯಕ್ಕೆ ಹೇಳಿದೆ.

ಮೇಲಿನ ತಿರುವಿನ ಟೀಚರ್ (10:32)
ಆ ಮೈದಾನ ನಿಮ್ಮ ಮಲಗುವ ಕೋಣೆಯ ಕೆಳಗೆ ಇರಲಿಲ್ಲ.

ಗುಂಪಿನ ಅಡ್ಮಿನ್ (12:15)
ಸದಸ್ಯರಲ್ಲಿ ವಿನಂತಿ. ಮಂಗಳವಾರ ಸಂಜೆ ನಾಲ್ಕಕ್ಕೆ ಟೀಚರ್, ವಕೀಲರು, ಸೌಂಡ್ಸ್ ಅಂಗಡಿಯವರು ಮತ್ತು ಹುಡುಗ ಗೋದಾಮಿಗೆ ಹೋಗಿ ಮಾತನಾಡಲಿ. ಮೂರು ಕಾರ್ಯಕ್ರಮಗಳೂ ಹತ್ತಕ್ಕೆ ಮುಗಿಯಬೇಕು, ಬೇಸ್ ಇಳಿಸಬೇಕು, ಮೆಟಲ್ ರಾತ್ರಿ ಬೇಗ ಶುರುವಾಗಬೇಕು ಎಂಬ ಮೂರೇ ಬೇಡಿಕೆಗಳನ್ನು ಇಡೋಣ. ಒಪ್ಪದಿದ್ದರೆ ಪೊಲೀಸರಿಗೆ ಲಿಖಿತ ದೂರು ಕೊಡೋಣ. ಕಾರ್ಯಕ್ರಮದ ರಾತ್ರಿಯೇ ಹತ್ತು ದಾಟಿದರೆ 112ಕ್ಕೆ ಕರೆ ಮಾಡೋಣ.

ನಿವೃತ್ತ ಸುಬೇದಾರರು (12:16)
ನನ್ನ ಹೆಸರು ಬಿಟ್ಟುಹೋಗಿದೆ.

ಗುಂಪಿನ ಅಡ್ಮಿನ್ (12:20)
ಸುಬೇದಾರರೂ ಸೇರಿ ಐವರು.

ಮಾಜಿ ಅಧ್ಯಕ್ಷರು (12:21)
ಅವರು ಹೋಗುವುದಾದರೆ ಸಂಘದ ಪರವಾಗಿ ನಾನೂ ಬರಬೇಕಾಗುತ್ತದೆ.

ಗೋದಾಮಿನ ಕಟ್ಟಡದ ಮಾಲೀಕರು (ಸೋಮವಾರ, ರಾತ್ರಿ 9:48)
ಎಲ್ಲವನ್ನೂ ಓದಿದ್ದೇನೆ. ಕಟ್ಟಡ ಮಾತ್ರ ನನ್ನದು, ಕಾರ್ಯಕ್ರಮ ಬಾಡಿಗೆದಾರರದು. ಕಾಫಿಯ ಬೆಲೆ ಬಿದ್ದಿದ್ದ ವರ್ಷಗಳಲ್ಲಿ ಖಾಲಿ ಗೋದಾಮಿನ ಮಾಡು ರಿಪೇರಿಗೆ ಯಾರೂ ಬರಲಿಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಮಂಗಳವಾರ ಚಹಾದ ವ್ಯವಸ್ಥೆ ಮಾಡಿರುತ್ತೇನೆ, ಬನ್ನಿ.

ಮೂಲೆಮನೆಯ ವಕೀಲರು (ಮಂಗಳವಾರ, ಸಂಜೆ 6:30)
ವರದಿ: ಆರು ಮಂದಿ ಹೋಗಿದ್ದೆವು. ಗೋದಾಮು ನಡೆಸುವ ದಂಪತಿ ಮರ್ಯಾದೆಯಿಂದಲೇ ಮಾತನಾಡಿದರು; ಹತ್ತಕ್ಕೆ ಮುಗಿಸುವುದಕ್ಕೆ ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಸಬ್ ಪೆಟ್ಟಿಗೆಗಳ ವಿಷಯಕ್ಕೆ ಬರುವಷ್ಟರಲ್ಲಿ 2018ರ ಆಗಸ್ಟಿನ ಭೂಕುಸಿತದ ಪರಿಹಾರ ಹಣದ ಹಳೆಯ ಲೆಕ್ಕ ಸುಬೇದಾರರಿಗೂ ಮಾಜಿ ಅಧ್ಯಕ್ಷರಿಗೂ ನಡುವೆ ಎದ್ದಿತು. ಬರವಣಿಗೆಯಲ್ಲಿ ಏನೂ ಆಗಲಿಲ್ಲ.

ಸೌಂಡ್ಸ್ ಅಂಗಡಿಯವರು (6:44)
ಮೆಟಲ್ ರಾತ್ರಿಯನ್ನು ಬೇಗ ಶುರುಮಾಡಲು ಅವರೇ ಸಿದ್ಧರಿದ್ದರು, ಕೇಳುವಷ್ಟರಲ್ಲಿ ನಾವು ಹೊರಗೆ ಬಂದಾಗಿತ್ತು. ನಾನು ಬೇರೆಯಾಗಿ ಒಮ್ಮೆ ಹೋಗಿ ಮಾತನಾಡುತ್ತೇನೆ.

ನಿವೃತ್ತ ಸುಬೇದಾರರು (6:50)
ಸದ್ದಿನ ವಿಷಯ ಪಕ್ಕಕ್ಕಿರಲಿ. ಹೊರಗೆ ಬಂದಾಗ ಎಲ್ಲರೂ ಕಣ್ಣಾರೆ ನೋಡಿದ್ದೀರಿ. ಕಾರ್ಯಕ್ರಮಕ್ಕೆ ಬಂದ ಕಾರುಗಳನ್ನು ಚರಂಡಿಯ ಚಪ್ಪಡಿಯ ಮೇಲೆಯೇ ನಿಲ್ಲಿಸಿ ಎರಡು ಚಪ್ಪಡಿ ಮುರಿದು ಒಳಗೆ ಬಿದ್ದಿವೆ, ಮಣ್ಣು ತುಂಬಿಕೊಂಡಿದೆ, ಮೊನ್ನೆಯ ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ) ನೀರು ತಡೆಗೋಡೆಯ ಬುಡದಲ್ಲಿಯೇ ನಿಂತಿದೆ. ಜೂನ್‌ನಲ್ಲಿ ಮಳೆ ಹಿಡಿದರೆ ಆ ಬರೆ (ಕಡಿದಾದ ಮಣ್ಣಿನ ಇಳಿಜಾರು) ನಿಲ್ಲುವುದಿಲ್ಲ.

ಹೋಂಸ್ಟೇ ಮನೆಯವರು (6:53)
ಈ ಒಂದು ವಿಷಯದಲ್ಲಿ ಸುಬೇದಾರರ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ. ಬರೆ ಕುಸಿದರೆ ಮೊದಲು ಹೋಗುವುದು ನನ್ನ ಹಿಂಬದಿಯ ಕೋಣೆಗಳು.

ಮಾಜಿ ಅಧ್ಯಕ್ಷರು (6:58)
ಚರಂಡಿಯ ಬಗ್ಗೆ ನಗರಸಭೆಗೆ ಸಂಘದ ಪರವಾಗಿ ಪತ್ರವನ್ನು ನಾನು ಈ ರಾತ್ರಿಯೇ ಬರೆಯುತ್ತೇನೆ. ಸುಬೇದಾರರು ಮೊದಲ ಸಹಿ ಹಾಕಲಿ.

ನಿವೃತ್ತ ಸುಬೇದಾರರು (6:59)
ಹಾಕುತ್ತೇನೆ. ನಗರಸಭೆಯವರು ಬರುವ ತನಕ ಕಾಯುವುದು ಬೇಡ, ಈ ಶನಿವಾರ ಮಧ್ಯಾಹ್ನ ಮೂರಕ್ಕೆ ಮನೆಗೊಬ್ಬರು ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಬರಬೇಕು.

ಕೊನೆಯ ಮನೆಯ ಹುಡುಗ (7:06)
ಶನಿವಾರ ಮೂರಕ್ಕೆ ಕನ್ನಡ ತಂಡದ ವ್ಯಾನು ಅದೇ ಜಾಗದಲ್ಲಿ ನಿಂತು ಸಾಮಾನು ಇಳಿಸುತ್ತದೆ. ಬೇಕಿದ್ದರೆ ಅವರನ್ನೂ ಒಂದು ಗಂಟೆ ಮಣ್ಣು ಹೊರಲು ಕರೆಯುತ್ತೇನೆ, ನಾಲ್ಕೂ ಜನ ಗಟ್ಟಿಮುಟ್ಟಾಗಿದ್ದಾರೆ.

ನಿವೃತ್ತ ಸುಬೇದಾರರು (7:08)
ಕರೆ. ಕೈಗವಸು ಅವರೇ ತರಲಿ.

ಮೇಲಿನ ತಿರುವಿನ ಟೀಚರ್ (7:30)
ಚರಂಡಿ ಆಗಬೇಕಾದ ಕೆಲಸವೇ, ನಾನೂ ಬರುತ್ತೇನೆ. ಆದರೆ ಹತ್ತು ಗಂಟೆ ಎಂಬುದನ್ನು ಬರವಣಿಗೆಯಲ್ಲಿ ತರುವವರು ಯಾರೆಂದು ಇನ್ನೂ ತೀರ್ಮಾನವಾಗಿಲ್ಲ. ಸಬ್ ಪೆಟ್ಟಿಗೆಯ ಮಾತನ್ನು ಯಾರು ಮುಂದುವರಿಸುತ್ತಾರೆ?

ಗುಂಪಿನ ಅಡ್ಮಿನ್ (7:41)
ಮುರಿದ ಚಪ್ಪಡಿಗಳ ಅಳತೆ ಪತ್ರದಲ್ಲಿ ಸೇರಿಸಬೇಕಿದೆ. ಉದ್ದದ ಟೇಪ್ ಯಾರ ಮನೆಯಲ್ಲಿದೆ?

ಟೈಲರ್ ಅಂಗಡಿಯವರು (7:43)
ನನ್ನಲ್ಲಿರುವುದು ಐದಡಿಯದು ಮಾತ್ರ.

ಬ್ಯಾಂಕಿನ ಮನೆಯವರು (7:44)
ನನ್ನಲ್ಲಿ ಹದಿನೈದು ಮೀಟರಿನದು ಇದೆ. ನಾಳೆ ಬೆಳಿಗ್ಗೆ ಗೇಟಿನ ಬಳಿ ಇಟ್ಟಿರುತ್ತೇನೆ, ಅಳೆದಾದ ಮೇಲೆ ಮರಳಿಸಿ.